ಸಿಂಗಪುರದ ರಾತ್ರಿ ರೇಸಿಗೆ ರೈಲಿನಲ್ಲಿ

ಸಿಂಗಪುರದ ಫಾರ್ಮುಲಾ ಒನ್ ರೇಸಿಗೆ ಮೊದಲ ಸಲ ನಾನು ಹೊರಟದ್ದು ಟ್ಯಾಕ್ಸಿಯಲ್ಲಿ. ಆಗ ಸೆರಂಗೂನ್ ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಬಾಡಿಗೆ ಕೋಣೆ. ಅಲ್ಲಿಂದ ಮರೀನಾ ಬೇಗೆ ಮಾಮೂಲಿ ದಿನ ಕಾಲು ಗಂಟೆಯ ದಾರಿ. ಅಂದು ಮುಕ್ಕಾಲು ಗಂಟೆಯಾದರೂ ಬೂಗಿಸ್ ದಾಟಿರಲಿಲ್ಲ. ಗಾಡಿ ನಿಂತಿತ್ತು, ಮೀಟರು ಓಡುತ್ತಿತ್ತು. ದೂರದಿಂದ ಇಂಜಿನ್ನುಗಳ ಕೂಗು ಕೇಳತೊಡಗಿದಾಗ ಜೀವ ತಡೆಯಲಿಲ್ಲ. ಕೊನೆಗೆ ವಯಸ್ಸಾದ ಆ ಡ್ರೈವರೇ ಗಾಡಿಯನ್ನು ಬದಿಗೆ ಹಾಕಿ, ರಸ್ತೆಯಾಚೆಗಿದ್ದ ಮೆಟ್ರೋ ಮೆಟ್ಟಿಲಿನ ಕಡೆ ಕೈ ತೋರಿಸಿ, ಇಳಿದು ರೈಲು ಹಿಡಿ, ಒಂದೇ ಸ್ಟೇಷನ್ ಅಂದರು. ನಿಜವೇ ಆಗಿತ್ತು. ಬೂಗಿಸ್ ಆದ ಮೇಲಿನ ನಿಲ್ದಾಣವೇ ಪ್ರೊಮೆನಾಡ್. ಅಲ್ಲಿ ಇಳಿದು ಮೇಲೆ ಬಂದಾಗ ದೀಪಗಳ ಬೆಳಕು ಕಣ್ಣಿಗೆ ಹೊಡೆಯಿತು, ಕಾರುಗಳ ಸದ್ದು ನೆಲದಿಂದಲೇ ಕಾಲಿಗೆ ಹತ್ತುತ್ತಿತ್ತು.

ಆಮೇಲೆ ಹೋದ ಅಷ್ಟೂ ಸಲ ರೈಲಿನಲ್ಲೇ ಹೋಗಿದ್ದೇನೆ. ಬೆಂಗಳೂರಿಗೆ ಮರಳಿದ ಮೇಲೂ ಪ್ರತಿ ವರ್ಷ ಆಗಸ್ಟ್ ಬಂತೆಂದರೆ ನೆಂಟರು, ಸ್ನೇಹಿತರ ಮಕ್ಕಳು, ಆಫೀಸಿನ ಹುಡುಗರು ಫೋನು ಮಾಡಿ ಕೇಳುತ್ತಾರೆ: ಟಿಕೆಟ್ ತಗೊಂಡಾಯ್ತು, ಹೋಟೆಲ್ ಬುಕ್ ಆಯ್ತು, ರೇಸ್ ಜಾಗಕ್ಕೆ ಹೋಗೋದು ಹೇಗೆ? ಅವರಿಗೆಲ್ಲ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. 2026ರ ರೇಸು ಅಕ್ಟೋಬರ್ 9ರಿಂದ 11ರವರೆಗೆ ಇದೆ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಚಾಂಗಿಗೆ ನೇರ ವಿಮಾನದಲ್ಲಿ ನಾಲ್ಕೂವರೆ ಗಂಟೆ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಮುಖ್ಯ ರೇಸು ಅಲ್ಲಿಯ ರಾತ್ರಿ ಎಂಟಕ್ಕೆ ಶುರುವಾಗುತ್ತದೆ. ಅಂದರೆ ನಮ್ಮ ಊರಲ್ಲಿ ಸಂಜೆ ಐದೂವರೆ.

ಊರಿನ ರಸ್ತೆಯೇ ಟ್ರ್ಯಾಕ್

ಗ್ರೇಟರ್ ನೊಯಿಡಾದ ಬುದ್ಧ ಸರ್ಕ್ಯೂಟಿನಲ್ಲಿ 2011ರಿಂದ 2013ರವರೆಗೆ ನಡೆದ ಫಾರ್ಮುಲಾ ಒನ್ ರೇಸಿಗೆ ಹೋದವರಿಗೆ ಗೊತ್ತು, ಅದು ಊರಾಚೆಗೆ ಬಯಲಲ್ಲಿ ಕಟ್ಟಿದ ಟ್ರ್ಯಾಕ್. ಗಾಡಿಯಲ್ಲಿ ಹೋಗಿ ದೂರದಲ್ಲಿ ನಿಲ್ಲಿಸಿ ನಡೆದರೆ ಸಾಕಿತ್ತು. ಸಿಂಗಪುರದ್ದು ಹಾಗಲ್ಲ. ಸೋಮವಾರ ಜನ ಬಸ್ಸಿನಲ್ಲಿ ಆಫೀಸಿಗೆ ಹೋಗುವ ರಸ್ತೆಯಲ್ಲೇ ಭಾನುವಾರ ಕಾರುಗಳು ಗಂಟೆಗೆ ಮುನ್ನೂರು ಕಿಲೋಮೀಟರಿನ ವೇಗ ಮುಟ್ಟುತ್ತವೆ. ನಿಕಲ್ ಹೈವೇ, ರಾಫಲ್ಸ್ ಬುಲೆವಾರ್ಡ್, ಸೇಂಟ್ ಆಂಡ್ರೂಸ್ ರಸ್ತೆ, ಕಾನಾಟ್ ಡ್ರೈವ್, ನದಿಯ ಮೇಲಿನ ಹಳೆಯ ಆಂಡರ್ಸನ್ ಸೇತುವೆ ಎಲ್ಲವೂ ಸೇರಿ 4.9 ಕಿಲೋಮೀಟರಿನಷ್ಟು ಉದ್ದದ ಒಂದು ಸುತ್ತು. ಅಂಥ 62 ಸುತ್ತು. ರೇಸಿನ ವಾರ ಬುಧವಾರದಿಂದಲೇ ಈ ರಸ್ತೆಗಳನ್ನು ಮುಚ್ಚತೊಡಗುತ್ತಾರೆ. ಬಸ್ಸುಗಳ ಮಾರ್ಗ ಬದಲಾಗುತ್ತದೆ, ಎಷ್ಟೋ ಬಸ್ ಸ್ಟಾಪುಗಳು ಬೇಲಿಯ ಒಳಗೇ ಸೇರಿಹೋಗುತ್ತವೆ. ಸುತ್ತಲಿನ ರಸ್ತೆಗಳಲ್ಲಿ ಟ್ಯಾಕ್ಸಿಗಳು ಸಾಲುಗಟ್ಟಿ ನಿಲ್ಲುತ್ತವೆ.

2022ರಲ್ಲಿ ಮೂರು ದಿನಕ್ಕೆ ಒಟ್ಟು 3,02,000 ಜನ ಬಂದಿದ್ದರು. ದಿನಕ್ಕೆ ಸರಾಸರಿ ಒಂದು ಲಕ್ಷ ಆಯಿತು. ರಸ್ತೆಯೇ ಇಲ್ಲದ ಜಾಗಕ್ಕೆ ಅಷ್ಟು ಜನರನ್ನು ತಂದು ವಾಪಸ್ ಕಳಿಸಬೇಕೆಂದರೆ ಅದು ನೆಲದಡಿಯ ರೈಲಿನಿಂದ ಮಾತ್ರ ಸಾಧ್ಯ. ಅಲ್ಲಿ ಅದನ್ನು ಎಂಆರ್‌ಟಿ ಅನ್ನುತ್ತಾರೆ. 1987ರ ನವೆಂಬರಿನಲ್ಲಿ ಶುರುವಾದ ವ್ಯವಸ್ಥೆ.

ಆದರೆ ರೇಸು ಶುರುವಾದಾಗ ಇಷ್ಟು ಅನುಕೂಲ ಇರಲಿಲ್ಲ. 2008ರ ಸೆಪ್ಟೆಂಬರ್ 28ರಂದು ಫಾರ್ಮುಲಾ ಒನ್ ಇತಿಹಾಸದ ಮೊದಲ ರಾತ್ರಿ ರೇಸು ಇಲ್ಲಿ ನಡೆದಾಗ ಟ್ರ್ಯಾಕಿಗೆ ಸಮೀಪ ಇದ್ದವು ಸಿಟಿ ಹಾಲ್, ರಾಫಲ್ಸ್ ಪ್ಲೇಸ್‌ನಂಥ ಹಳೆಯ ನಿಲ್ದಾಣಗಳು ಮಾತ್ರ. ಪಿಟ್ ಕಟ್ಟಡದ ಕಡೆಯವರಿಗೆ ದೊಡ್ಡ ನಡಿಗೆ. ಸರ್ಕಲ್ ಲೈನಿನ ಎಸ್ಪ್ಲನೇಡ್, ಪ್ರೊಮೆನಾಡ್, ನಿಕಲ್ ಹೈವೇ ನಿಲ್ದಾಣಗಳು ತೆರೆದದ್ದು 2010ರ ಏಪ್ರಿಲ್‌ನಲ್ಲಿ. 2012ರಲ್ಲಿ ಬೇಫ್ರಂಟ್ ಬಂತು. 2013ರ ಕೊನೆಗೆ ಡೌನ್‌ಟೌನ್ ಲೈನ್ ಬಂದು ಪ್ರೊಮೆನಾಡ್‌ನಲ್ಲಿ ಸೇರಿಕೊಂಡಿತು. ಈಗ ಟ್ರ್ಯಾಕಿನ ಸುತ್ತ, ನಡೆದು ಹೋಗುವಷ್ಟು ದೂರದಲ್ಲಿ ಎಂಟು ಹತ್ತು ನಿಲ್ದಾಣಗಳಿವೆ. ತಪ್ಪು ಆಗುವುದು ಇಲ್ಲೇ. ಯಾವುದಾದರೂ ಒಂದರಲ್ಲಿ ಇಳಿದರಾಯಿತು ಅಂದುಕೊಳ್ಳುತ್ತಾರೆ.

ಮೊದಲು ಗೇಟು, ಆಮೇಲೆ ನಿಲ್ದಾಣ

ಒಂದು ವರ್ಷ ಸಿಟಿ ಹಾಲ್ ನಿಲ್ದಾಣದ ಮೇಲೆ, ಚರ್ಚಿನ ಹುಲ್ಲುಹಾಸಿನ ಪಕ್ಕ ನಿಂತಿದ್ದೆ. ಪಕ್ಕದಲ್ಲಿ ದಾವಣಗೆರೆ ಕಡೆಯ ಮಾತು ಕೇಳಿಸಿತು. ಇಪ್ಪತ್ತರ ಆಸುಪಾಸಿನ ಹುಡುಗ, ಜೊತೆಗೆ ಅರವತ್ತು ದಾಟಿದ ಅವನ ಸೋದರಮಾವ. ಮಾವನ ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಮಳೆಕೋಟು. ಹುಡುಗ ಫೋನನ್ನು ಅತ್ತ ಇತ್ತ ತಿರುಗಿಸುತ್ತಿದ್ದ.

"ಸಾರ್, ಕನ್ನಡದೋರಾ?" ನನ್ನ ಮುಖ ನೋಡಿಯೇ ಕೇಳಿದ. "ಪಿಟ್ ಎದುರಿನ ಸ್ಟ್ಯಾಂಡಿಗೆ ಹೋಗ್ಬೇಕು. ಮ್ಯಾಪಲ್ಲಿ ಒಂದು ಕಿಲೋಮೀಟರು ಅಂತ ತೋರಿಸ್ತೈತಿ, ಆದ್ರೆ ಯಾವ ಕಡೆ ಹೋದ್ರೂ ಬೇಲಿ."

"ಹಿಂಗೇ ಎರಡು ಸಲ ಸುತ್ತಿದ್ವಿ ನೋಡ್ರಿ," ಅಂದರು ಮಾವ. "ಕಾಲು ಸೋತು ಹೋಗ್ಯಾವು."

ಮ್ಯಾಪು ತೋರಿಸುತ್ತಿದ್ದದ್ದು ಮಾಮೂಲಿ ದಿನದ ದಾರಿ. ಆ ದಾರಿಯ ಮಧ್ಯೆ ಈಗ ಟ್ರ್ಯಾಕ್ ಹಾಯ್ದಿತ್ತು. ಅವರ ಟಿಕೆಟ್ ತೆಗೆಸಿ ನೋಡಿದೆ. ಗೇಟಿನ ನಂಬರ್ ಅದರಲ್ಲೇ ಅಚ್ಚಾಗಿತ್ತು. ಅದು ಟ್ರ್ಯಾಕಿನ ಇನ್ನೊಂದು ತುದಿ. "ಮೇಲೆ ನಡೀಬೇಡಿ, ಮತ್ತೆ ಕೆಳಗೆ ಇಳೀರಿ" ಎಂದು ಅವರನ್ನು ಸಿಟಿ ಹಾಲ್ ನಿಲ್ದಾಣಕ್ಕೇ ಅಂಟಿಕೊಂಡಿರುವ ಸಿಟಿಲಿಂಕ್ ಮಾಲಿನ ಸುರಂಗದಂಥ ದಾರಿಗೆ ಕರೆದುಕೊಂಡು ಹೋದೆ. ಅದು ಪೂರ್ತಿ ನೆಲದಡಿಯ ಅಂಗಡಿಸಾಲು. ಎಸಿ ಇದೆ, ಬೆಂಚು ಇದೆ. ನಮ್ಮ ತಲೆಯ ಮೇಲೆ ರೇಸಿನ ರಸ್ತೆ, ಕೆಳಗೆ ನಾವು ಬೇಕರಿ, ಬಟ್ಟೆ ಅಂಗಡಿಗಳ ನಡುವೆ ಆರಾಮವಾಗಿ ನಡೆಯುತ್ತಿದ್ದೆವು. ಆಚೆ ತುದಿಗೆ ಎಸ್ಪ್ಲನೇಡ್ ನಿಲ್ದಾಣ. ಅಲ್ಲಿಂದ ಸರ್ಕಲ್ ಲೈನಿನಲ್ಲಿ ಒಂದು ಸ್ಟೇಷನ್ನು ಪ್ರೊಮೆನಾಡ್, ಎರಡನೆಯದು ನಿಕಲ್ ಹೈವೇ. ಮಾವನಿಗೆ ಆ ತಂಪು ಗಾಳಿಯಲ್ಲಿ ಅರ್ಧ ಜೀವ ಮರಳಿ ಬಂತು.

ಇಬ್ಬರೂ ಲಿಟಲ್ ಇಂಡಿಯಾದಲ್ಲಿ ಇಳಿದುಕೊಂಡಿದ್ದರು. ವಾಪಸ್ ಹೋಗುವುದು ಹೇಗೆ ಎಂದು ಆಗಲೇ ಹೇಳಿಕೊಟ್ಟೆ. ಹುಡುಗ ನನ್ನ ಫೋನ್ ನಂಬರ್ ತೆಗೆದುಕೊಂಡ.

ಈ ರೇಸಿನ ಜಾಗವನ್ನು ನಾಲ್ಕು ವಲಯಗಳಾಗಿ ಭಾಗ ಮಾಡಿದ್ದಾರೆ. ಟಿಕೆಟ್ ಕೊಳ್ಳುವಾಗಲೇ ವಲಯ, ಗೇಟು ಎರಡೂ ಗೊತ್ತಾಗುತ್ತವೆ. ಬೇರೆ ಗೇಟಿನಿಂದ ಒಳಗೆ ಹೋದರೂ ನಿಮ್ಮ ಸ್ಟ್ಯಾಂಡಿಗೆ ಹೋಗಲು ಟ್ರ್ಯಾಕಿನ ಮೇಲಿನ ಮೇಲ್ಸೇತುವೆ ಹತ್ತಿ ಇಳಿಯಬೇಕು, ಜನಸಂದಣಿಯಲ್ಲಿ ಅದಕ್ಕೆ ಅರ್ಧ ಗಂಟೆ ಹಿಡಿದರೂ ಹಿಡಿಯಿತು. ಕೆಲವು ಟಿಕೆಟುಗಳಿಗೆ ಕೆಲವು ವಲಯಗಳಲ್ಲಿ ಪ್ರವೇಶವೇ ಇಲ್ಲ. ಆದ್ದರಿಂದ ಹೋಟೆಲಿನಲ್ಲಿ ಕೂತೇ ಟಿಕೆಟಿನ ಗೇಟಿಗೂ ನಿಲ್ದಾಣಕ್ಕೂ ಗಂಟು ಹಾಕಿಕೊಳ್ಳಿ. ಗೇಟುಗಳ ನಂಬರು, ಜಾಗ ವರ್ಷದಿಂದ ವರ್ಷಕ್ಕೆ ಒಂದಿಷ್ಟು ಬದಲಾಗುವುದರಿಂದ ಆ ವರ್ಷದ ನಕ್ಷೆಯನ್ನೇ ನೋಡಬೇಕು. ಹಳೆಯ ಸ್ನೇಹಿತರ ನೆನಪನ್ನು ನಂಬಬೇಡಿ, ನನ್ನದನ್ನೂ.

ಅಂದಾಜಿಗೆ ಇಷ್ಟು ತಿಳಿದಿರಲಿ. ಪಿಟ್ ಕಟ್ಟಡ, ಮೊದಲ ತಿರುವುಗಳು, 165 ಮೀಟರ್ ಎತ್ತರದ ದೈತ್ಯ ಚಕ್ರ ಸಿಂಗಪುರ್ ಫ್ಲೈಯರ್ ಇರುವ ಕಡೆಗೆ ಪ್ರೊಮೆನಾಡ್ ಅಥವಾ ನಿಕಲ್ ಹೈವೇ. ಎರಡರಲ್ಲಿ ನಿಕಲ್ ಹೈವೇ ಸ್ವಲ್ಪ ಹಗುರ, ಜನ ಕಡಿಮೆ. ಸಂಗೀತ ಕಾರ್ಯಕ್ರಮದ ದೊಡ್ಡ ವೇದಿಕೆ ಇರುವ ಪಡಾಂಗ್ ಮೈದಾನದ ಕಡೆಗೆ, ಅಂದರೆ ನಾಲ್ಕನೇ ವಲಯಕ್ಕೆ, ಸಿಟಿ ಹಾಲ್. ನದಿಯ ಪಕ್ಕದ ಫುಲ್ಲರ್ಟನ್, ಎಂಪ್ರೆಸ್ ಪ್ಲೇಸ್ ಕಡೆಯವರು ರಾಫಲ್ಸ್ ಪ್ಲೇಸ್‌ನಲ್ಲಿ ಇಳಿದು ನಡೆದರೆ ನೆಮ್ಮದಿ.

ಪಡಾಂಗ್ ಕಡೆ ಟಿಕೆಟ್ ಇರುವವರಿಗೆ ಒಂದು ಮಾತು. 1943ರ ಜುಲೈ 5ರಂದು ಸುಭಾಷ್ ಚಂದ್ರ ಬೋಸರು ಆಜಾದ್ ಹಿಂದ್ ಸೈನಿಕರ ಮುಂದೆ ನಿಂತು 'ಚಲೋ ದಿಲ್ಲಿ' ಎಂದು ಕರೆ ಕೊಟ್ಟದ್ದು ಈ ಮೈದಾನದಲ್ಲೇ. ಪಕ್ಕದ ಎಸ್ಪ್ಲನೇಡ್ ಪಾರ್ಕಿನಲ್ಲಿ, ಕಾರುಗಳು ಹಾಯುವ ಕಾನಾಟ್ ಡ್ರೈವಿನ ಬದಿಗೇ, ಆ ಸೈನಿಕರ ನೆನಪಿನ ಗುರುತುಕಲ್ಲು ಇದೆ. ಮಧ್ಯಾಹ್ನ ಬೇಗ ಹೋದರೆ ಅಲ್ಲಿ ಎರಡು ನಿಮಿಷ ನಿಂತು ಮುಂದೆ ಹೋಗಿ. ನಾನು ಪ್ರತಿ ಸಲ ನಿಲ್ಲುತ್ತೇನೆ.

ಎಲ್ಲಿಂದ ಹೊರಟರೆ ಎಲ್ಲಿಗೆ

ನೇರ ವಿಮಾನ ನಿಲ್ದಾಣದಿಂದ ಹೊರಡುವವರಿಗೆ ಎರಡು ದಾರಿ. ಚಾಂಗಿಯ ಎಂಆರ್‌ಟಿ ನಿಲ್ದಾಣ 2 ಮತ್ತು 3ನೇ ಟರ್ಮಿನಲ್‌ಗಳ ನಡುವೆ ನೆಲದಡಿಯಲ್ಲಿದೆ. ಅಲ್ಲಿಂದ ಹೊರಟ ರೈಲು ಎರಡು ನಿಲ್ದಾಣ ಹೋಗಿ ತಾನಾ ಮೆರಾದಲ್ಲಿ ಕೊನೆಯಾಗುತ್ತದೆ. ಅಲ್ಲಿ ಇಳಿದು ಈಸ್ಟ್ ವೆಸ್ಟ್ ಲೈನ್ ಹತ್ತಿದರೆ ಸಿಟಿ ಹಾಲ್, ರಾಫಲ್ಸ್ ಪ್ಲೇಸ್. ಆದರೆ ಅದಕ್ಕೂ ಮೊದಲಿನ ಎಕ್ಸ್‌ಪೋ ನಿಲ್ದಾಣದಲ್ಲಿ ಇಳಿದು ಡೌನ್‌ಟೌನ್ ಲೈನಿಗೆ ಬದಲಾಯಿಸಿದರೆ ಮತ್ತೆಲ್ಲೂ ಬದಲಾಯಿಸದೆ ಪ್ರೊಮೆನಾಡ್‌ಗೆ, ಹೋಟೆಲು ಆ ಕಡೆ ಇದ್ದರೆ ಲಿಟಲ್ ಇಂಡಿಯಾಗೆ ಹೋಗಬಹುದು. ಸೂಟ್‌ಕೇಸ್ ಇದ್ದವರಿಗೆ ನಾನು ಎರಡನೆಯ ದಾರಿಯನ್ನೇ ಹೇಳುತ್ತೇನೆ. ರಾತ್ರಿ ತಡವಾಗಿ ಇಳಿಯುವವರು ಗಮನಿಸಿ: ವಿಮಾನ ನಿಲ್ದಾಣದಿಂದ ಊರಿಗೆ ಹೋಗುವ ಕೊನೆಯ ರೈಲು ಹನ್ನೊಂದು ಗಂಟೆ ದಾಟುತ್ತಿದ್ದಂತೆ ಹೊರಟುಬಿಡುತ್ತದೆ.

ನಮ್ಮವರು ಹೆಚ್ಚಾಗಿ ಇಳಿದುಕೊಳ್ಳುವುದು ಲಿಟಲ್ ಇಂಡಿಯಾ, ಫರ್ರರ್ ಪಾರ್ಕ್ ಕಡೆ. ರೇಸಿನ ವಾರ ಮರೀನಾ ಬೇ ಹೋಟೆಲುಗಳ ಬಾಡಿಗೆ ಆಕಾಶಕ್ಕೇರುತ್ತದೆ, ಅದಕ್ಕಿಂತ ಇಲ್ಲಿ ಇಳಿದುಕೊಳ್ಳುವುದೇ ಜಾಣತನ. ಲಿಟಲ್ ಇಂಡಿಯಾದಿಂದ ಡೌನ್‌ಟೌನ್ ಲೈನಿನಲ್ಲಿ ರೋಚೊರ್, ಬೂಗಿಸ್, ಪ್ರೊಮೆನಾಡ್: ಮೂರನೆಯ ನಿಲ್ದಾಣಕ್ಕೆ ಇಳಿದರಾಯಿತು. ಪಡಾಂಗ್ ಕಡೆಗಾದರೆ ನಾರ್ತ್ ಈಸ್ಟ್ ಲೈನಿನಲ್ಲಿ ಒಂದು ನಿಲ್ದಾಣ ಧೋಬಿ ಘಾಟ್, ಅಲ್ಲಿ ಬದಲಾಯಿಸಿ ಮುಂದಿನದೇ ಸಿಟಿ ಹಾಲ್. ಧೋಬಿ ಘಾಟ್ ಎಂಬ ಹೆಸರು ನಮ್ಮ ದೇಶದ ಅಗಸರದ್ದೇ. ಹಿಂದೆ ಅಲ್ಲಿಯ ತೊರೆಯಲ್ಲಿ ಅವರು ಬಟ್ಟೆ ಒಗೆಯುತ್ತಿದ್ದರು.

ಹೊಟ್ಟೆಯ ವಿಷಯ. ಸೆರಂಗೂನ್ ರಸ್ತೆಯಲ್ಲಿ, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರು ನಮ್ಮ ಎಂಟಿಆರ್‌ನ ಶಾಖೆ ಇದೆ. ಫರ್ರರ್ ಪಾರ್ಕ್ ನಿಲ್ದಾಣದಿಂದ ನಾಲ್ಕು ಹೆಜ್ಜೆ. ರೇಸಿನ ಒಳಗೆ ಸಸ್ಯಾಹಾರ ಸಿಕ್ಕರೂ ಬೆಲೆ ಜಾಸ್ತಿ, ಸಾಲು ಉದ್ದ. ರವೆ ಇಡ್ಲಿಯೋ ದೋಸೆಯೋ ಹೊಟ್ಟೆ ತುಂಬ ತಿಂದು ಹೊರಡಿ. ಕಟ್ಟಿಸಿಕೊಂಡು ರೈಲಿನಲ್ಲಿ ತಿನ್ನುತ್ತೇನೆ ಅಂದರೆ ಆಗದು. ಎಂಆರ್‌ಟಿಯಲ್ಲಿ ತಿನ್ನುವುದಕ್ಕೆ, ಕುಡಿಯುವುದಕ್ಕೆ 500 ಡಾಲರ್ ವರೆಗೆ ದಂಡ ಇದೆ, ಒಂದು ಗುಟುಕು ನೀರೂ ಅದರಲ್ಲಿ ಬಂತು. ಗುಳಿಗೆ ನುಂಗಬೇಕಿದ್ದರೆ ನಿಲ್ದಾಣದ ಹೊರಗೇ ನುಂಗಿ ಒಳಗೆ ಹೋಗಿ. ಮುಂಬೈ, ದಿಲ್ಲಿಯ ರೈಲುಗಳ ಅಭ್ಯಾಸ ಇರುವವರಿಗೆ ಇದು ಮರೆತುಹೋಗುತ್ತದೆ. ಎಸ್ಕಲೇಟರಿನಲ್ಲಿ ನಿಲ್ಲುವವರು ಎಡಕ್ಕೆ, ನಡೆಯುವವರು ಬಲಕ್ಕೆ. ಪ್ರೊಮೆನಾಡ್ ತುಂಬಾ ಆಳದ ನಿಲ್ದಾಣ, ಒಂದಾದ ಮೇಲೊಂದು ಉದ್ದುದ್ದ ಎಸ್ಕಲೇಟರು ಇವೆ. ಮಂಡಿ ನೋವಿನವರು ಲಿಫ್ಟ್ ಹುಡುಕಿಕೊಳ್ಳುವುದು ಒಳ್ಳೆಯದು.

ಟಿಕೆಟ್ ಬಗ್ಗೆ. ನಮ್ಮ ಮೆಟ್ರೋದ ಟೋಕನ್ನಿನ ಹಾಗೆ ಒಂದೇ ಪ್ರಯಾಣಕ್ಕೆ ಕೊಡುವ ಟಿಕೆಟನ್ನು ಅಲ್ಲಿ 2022ರಲ್ಲೇ ನಿಲ್ಲಿಸಿಬಿಟ್ಟಿದ್ದಾರೆ. ನಿಲ್ದಾಣಗಳಲ್ಲಿ ಸಿಗುವ ಈಜಿ-ಲಿಂಕ್ ಕಾರ್ಡ್ ಕೊಂಡು ಹಣ ತುಂಬಿಸಿಕೊಳ್ಳಬಹುದು, ಕಾರ್ಡಿನ ಬೆಲೆ ವಾಪಸ್ ಬರುವುದಿಲ್ಲ. ಇಲ್ಲದಿದ್ದರೆ ಮುಟ್ಟಿಸಿದರೆ ಸಾಕಾಗುವ ವೀಸಾ, ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ಮುಟ್ಟಿಸಿ ಹೋಗಬಹುದು. ಹೊರದೇಶದ ಕಾರ್ಡಿಗೆ ಬಳಸಿದ ದಿನಕ್ಕೆ 60 ಸೆಂಟ್ ಹೆಚ್ಚುವರಿ ಬೀಳುತ್ತದೆ, ಬ್ಯಾಂಕಿನವರು ಹಾಕುವುದು ಬೇರೆ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶದ ಬಳಕೆಯನ್ನು ಊರು ಬಿಡುವ ಮೊದಲೇ ಆನ್ ಮಾಡಿಟ್ಟುಕೊಳ್ಳಿ. ಮೂರು ದಿನ ಓಡಾಡುವವರು ಪ್ರವಾಸಿಗರ ಪಾಸ್ ಬಗ್ಗೆಯೂ ವಿಚಾರಿಸಬಹುದು. ಲೆಕ್ಕ ಹಾಕಿ ನೋಡಿದರೆ, ಬರೀ ರೇಸಿಗೆ ಹೋಗಿ ಬರುವವರಿಗೆ ಅದು ಗಿಟ್ಟುವುದಿಲ್ಲ.

ಒಂದು ಕಾರ್ಡಿಗೆ ಒಬ್ಬರೇ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಒಂದೇ ಕಾರ್ಡಿನಲ್ಲಿ ಒಳಗೆ ಹೋಗಲು ಹೊರಟು, ಹಿಂದೆ ನೂರು ಜನ ನಿಂತದ್ದನ್ನು ನೋಡಿದ್ದೇನೆ. ಒಳಗೆ ಮುಟ್ಟಿಸಿದ ಕಾರ್ಡನ್ನೇ ಹೊರಗೂ ಮುಟ್ಟಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ವಾಪಸ್ ಬರುವ ಹಣವನ್ನು ಹೋಗುವಾಗಲೇ ಕಾರ್ಡಿಗೆ ತುಂಬಿಸಿ. ರಾತ್ರಿ ಹತ್ತೂವರೆಗೆ ಆ ಯಂತ್ರದ ಮುಂದಿನ ಸಾಲು ನೋಡಿದರೆ ಈ ಮಾತಿನ ಬೆಲೆ ತಿಳಿಯುತ್ತದೆ.

ಹೋಗುವ ಹೊತ್ತು

ಗೇಟುಗಳು ಮಧ್ಯಾಹ್ನವೇ ತೆರೆಯುತ್ತವೆ. ಭಾನುವಾರ ನಾಲ್ಕು ಗಂಟೆಯ ಒಳಗೆ ನಿಲ್ದಾಣ ಬಿಟ್ಟರೆ ಏನೂ ತೊಂದರೆ ಇಲ್ಲ. ಆರರಿಂದ ಏಳೂವರೆಯವರೆಗೆ ನೂಕುನುಗ್ಗಲು. ಗೇಟಿನಲ್ಲಿ ಚೀಲ ತಪಾಸಣೆ ಇರುವುದರಿಂದ ಚಿಕ್ಕ ಚೀಲ ಸಾಕು. ಏನು ಒಯ್ಯಬಾರದು ಎಂಬ ಪಟ್ಟಿಯನ್ನು ಟಿಕೆಟಿನ ಜೊತೆಗೇ ಕೊಡುತ್ತಾರೆ, ಓದಿಕೊಳ್ಳಿ. ಕೊಡೆಗಿಂತ ತೆಳ್ಳನೆಯ ಮಳೆಕೋಟು ವಾಸಿ, ಹಿಂದೆ ಕೂತವರಿಗೆ ಅಡ್ಡ ಬರುವುದಿಲ್ಲ. ಅಲ್ಲಿ ಸಂಜೆ ಮಳೆ ಯಾವಾಗ ಬೇಕಾದರೂ ಸುರಿಯಬಹುದು. 2022ರಲ್ಲಿ ಮಳೆಯಿಂದಾಗಿ ರೇಸು ಒಂದು ಗಂಟೆಗೂ ಹೆಚ್ಚು ತಡವಾಗಿ ಶುರುವಾಯಿತು. ರೇಸು ತಡವಾದರೆ ವಾಪಸಿನ ರೈಲಿನ ಲೆಕ್ಕವೂ ತಪ್ಪುತ್ತದೆ ಎಂಬುದು ನೆನಪಿರಲಿ. ಕಿವಿಗೆ ಹತ್ತಿಯೋ ಪ್ಲಗ್ಗೋ ಬೇಕೇ ಬೇಕು, ಮಕ್ಕಳಿದ್ದರಂತೂ ಕಿವಿ ಮುಚ್ಚುವ ಹೆಡ್‌ಫೋನು ಕೊಡಿಸಿ. ಕಟ್ಟಡಗಳ ನಡುವೆ ಸದ್ದು ಹೊರಹೋಗಲು ಜಾಗವಿಲ್ಲದೆ ತಿರುಗಿ ಬಡಿಯುತ್ತದೆ.

ಮೂರು ದಿನದ ಟಿಕೆಟ್ ಇದ್ದವರು ಶುಕ್ರವಾರವನ್ನು ದಾರಿ ಕಲಿಯಲು ಬಳಸಿಕೊಳ್ಳಬೇಕು. ಅಂದು ಜನ ಕಡಿಮೆ. ಯಾವ ಎಕ್ಸಿಟ್‌ನಿಂದ ಮೇಲೆ ಬಂದಿರಿ, ಗೇಟಿಗೆ ಎಷ್ಟು ನಿಮಿಷ ನಡೆದಿರಿ, ಟಾಯ್ಲೆಟ್ ಎಲ್ಲಿದೆ ಎಲ್ಲವನ್ನೂ ನೋಡಿಟ್ಟುಕೊಂಡರೆ ಭಾನುವಾರ ಕಣ್ಣು ಮುಚ್ಚಿಕೊಂಡು ನಡೆಯಬಹುದು. ಜೊತೆಯವರು ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಅಂದೇ ಗೊತ್ತು ಮಾಡಿ. ಒಂದು ಲಕ್ಷ ಜನ ಒಟ್ಟಿಗೆ ವಿಡಿಯೊ ಕಳಿಸುವಾಗ ಫೋನಿನ ನೆಟ್‌ವರ್ಕ್ ಕೈಕೊಡುತ್ತದೆ.

ವಾಪಸ್ ಬರುವುದೇ ನಿಜವಾದ ಪ್ರಶ್ನೆ

ಹೋಗುವವರು ನಾಲ್ಕೈದು ಗಂಟೆಗಳಲ್ಲಿ ಹಂಚಿಹೋಗಿ ಬರುತ್ತಾರೆ. ವಾಪಸ್ ಹೊರಡುವವರು ಹತ್ತು ನಿಮಿಷದಲ್ಲಿ ಒಟ್ಟಿಗೆ ಏಳುತ್ತಾರೆ. ಆದ್ದರಿಂದ ನಾನು ಯಾರಿಗೇ ಆದರೂ ಮೊದಲು ಹೇಳುವುದು ಬರುವ ದಾರಿಯನ್ನೇ.

ಜನ ಎರಡು ಅಲೆಯಾಗಿ ಹೊರಡುತ್ತಾರೆ. ಮೊದಲನೆಯದು ರೇಸು ಮುಗಿದ ತಕ್ಷಣ, ಹತ್ತು ಗಂಟೆಯ ಆಸುಪಾಸಿಗೆ. ಎರಡನೆಯದು ಪಡಾಂಗ್‌ನ ಸಂಗೀತ ಕಾರ್ಯಕ್ರಮ ಮುಗಿದ ಮೇಲೆ. ನಡುವೆ ಒಂದು ತೆರಪು ಸಿಗುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಆ ತೆರಪಿನಲ್ಲಿ ಹೊರಡಿ. ರೇಸು ಮುಗಿದ ಮೇಲೆ ಜನರನ್ನು ಟ್ರ್ಯಾಕಿನ ಮೇಲೆ ಬಿಡುತ್ತಾರೆ. ಆ ಅರ್ಧ ಗಂಟೆಯನ್ನು ಯಾರೂ ಕಳೆದುಕೊಳ್ಳಬಾರದು. ಟಾರಿನ ಬಿಸಿ ಇನ್ನೂ ಆರಿರುವುದಿಲ್ಲ. ತಿರುವುಗಳ ಹೊರ ಅಂಚಿನಲ್ಲಿ ಟೈರುಗಳಿಂದ ಕಿತ್ತುಬಂದ ರಬ್ಬರಿನ ಚೂರುಗಳು ಹುರಿದ ಹುಣಸೆಬೀಜದ ಹಾಗೆ ಕಪ್ಪಗೆ ಬಿದ್ದಿರುತ್ತವೆ. ತುಳಿದರೆ ಚಪ್ಪಲಿಗೆ ಅಂಟಿಕೊಂಡು ಬರುತ್ತವೆ. ಬೆರಳಲ್ಲಿ ಹಿಸುಕಿದರೆ ಮೆತ್ತಗಿರುತ್ತವೆ. ಕೂತು ಒಂದನ್ನು ಎತ್ತಿಕೊಳ್ಳುವ ಹೊತ್ತಿಗೆ ನಿಲ್ದಾಣದ ಮುಂದಿನ ಸಾಲು ಒಂದಿಷ್ಟು ಕರಗಿರುತ್ತದೆ.

ಇನ್ನು ಯಾವ ನಿಲ್ದಾಣ. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಸರ್ಕಲ್ ಮತ್ತು ಡೌನ್‌ಟೌನ್ ಲೈನಿನ ರೈಲುಗಳಿಗೆ ಮೂರೇ ಬೋಗಿ. ಸಿಟಿ ಹಾಲ್‌ನಲ್ಲಿ ಬರುವ ಎರಡೂ ಲೈನಿನ ರೈಲಿಗೆ, ಹಾಗೆಯೇ ನಾರ್ತ್ ಈಸ್ಟ್ ಲೈನಿನ ರೈಲಿಗೆ ಆರು ಬೋಗಿ, ನಮ್ಮ ಮೆಟ್ರೋದ ಹಾಗೆ. ಅಂದರೆ ಪ್ರೊಮೆನಾಡ್‌ನಲ್ಲಿ ಎರಡು ರೈಲು ಹೊತ್ತುಕೊಂಡು ಹೋಗುವಷ್ಟು ಜನರನ್ನು ಸಿಟಿ ಹಾಲ್‌ನಲ್ಲಿ ಒಂದೇ ರೈಲು ಹೊತ್ತೊಯ್ಯುತ್ತದೆ. ಗೇಟಿಗೆ ಹತ್ತಿರ ಎಂದು ಎಲ್ಲರೂ ಪ್ರೊಮೆನಾಡ್ ಬಾಗಿಲಲ್ಲಿ ನಿಂತಿರುವಾಗ, ಕಾಲಲ್ಲಿ ಶಕ್ತಿ ಇರುವವರು ಹದಿನೈದು ನಿಮಿಷ ಹೆಚ್ಚು ನಡೆದು ದೊಡ್ಡ ರೈಲು ಹಿಡಿದರೆ ಮನೆಗೆ ಬೇಗ ಮುಟ್ಟುತ್ತಾರೆ.

ಲಿಟಲ್ ಇಂಡಿಯಾ, ಫರ್ರರ್ ಪಾರ್ಕ್ ಕಡೆ ಹೋಗುವವರಿಗೆ ನನ್ನ ಸಲಹೆ ಒಂದೇ: ಕ್ಲಾರ್ಕ್ ಕೀ. ಪಡಾಂಗ್ ಕಡೆಯಿಂದ ಹೊರಗೆ ಬಂದು ನಾರ್ತ್ ಬ್ರಿಜ್ ರಸ್ತೆ ಹಿಡಿದು, ಎಲ್ಗಿನ್ ಸೇತುವೆಯಲ್ಲಿ ನದಿ ದಾಟಿದರೆ ಕಾಲು ಗಂಟೆಯೊಳಗೆ ನಿಲ್ದಾಣ. ಜನಸಾಗರ ಸಿಟಿ ಹಾಲ್ ಕಡೆಗೆ ಹರಿಯುತ್ತಿರುವಾಗ ನೀವು ಅದಕ್ಕೆ ಬೆನ್ನು ಹಾಕಿ ನಡೆಯುತ್ತೀರಿ. ಅಲ್ಲಿ ನಾರ್ತ್ ಈಸ್ಟ್ ಲೈನ್ ಹತ್ತಿದರೆ ಧೋಬಿ ಘಾಟ್, ಲಿಟಲ್ ಇಂಡಿಯಾ, ಫರ್ರರ್ ಪಾರ್ಕ್ ಒಂದರ ಹಿಂದೊಂದು, ಎಲ್ಲೂ ಬದಲಾಯಿಸಬೇಕಿಲ್ಲ. ಆರು ಬೋಗಿಯ ರೈಲು. ಪಿಟ್ ಕಡೆಯಿಂದ ಬರುವವರಿಗೆ ಇದು ದೂರವಾಯಿತು, ಅವರು ನಿಕಲ್ ಹೈವೇ ನೋಡಬೇಕು. ರಾಫಲ್ಸ್ ಪ್ಲೇಸ್ ಕೂಡ ಸಿಟಿ ಹಾಲ್‌ಗಿಂತ ಹಗುರ. ಎರಡಕ್ಕೂ ಬರುವವು ಅವೇ ಎರಡು ಲೈನಿನ ರೈಲುಗಳು.

ರೇಸಿನ ದಿನಗಳಲ್ಲಿ ಕೊನೆಯ ರೈಲಿನ ಸಮಯವನ್ನು ಮಾಮೂಲಿಗಿಂತ ಮುಂದಕ್ಕೆ ಹಾಕುತ್ತಾರೆ. ಎಷ್ಟಕ್ಕೆ ಎಂಬುದನ್ನು ಆಯಾ ವರ್ಷ ಪ್ರಕಟಿಸುತ್ತಾರೆ, ನಿಲ್ದಾಣದಲ್ಲೂ ಹಾಕಿರುತ್ತಾರೆ. ನಿಮ್ಮ ಪ್ರಯಾಣದಲ್ಲಿ ಎರಡು ಲೈನ್ ಇದ್ದರೆ ಎರಡನೆಯದರ ಕೊನೆಯ ರೈಲನ್ನೂ ನೋಡಿಕೊಳ್ಳಬೇಕು. ಮೊದಲ ರೈಲು ಸಿಕ್ಕಿ ಎರಡನೆಯದು ತಪ್ಪಿ ಧೋಬಿ ಘಾಟ್‌ನಲ್ಲಿ ನಿಂತವರು ಇದ್ದಾರೆ. ಹಿಂದೆ ಇದ್ದ ರಾತ್ರಿ ಬಸ್ಸುಗಳನ್ನು ಕೋವಿಡ್ ಕಾಲದಲ್ಲಿ ನಿಲ್ಲಿಸಿದವರು ಮತ್ತೆ ಶುರು ಮಾಡಲಿಲ್ಲ. ರೈಲು ತಪ್ಪಿದರೆ ಉಳಿಯುವುದು ಟ್ಯಾಕ್ಸಿ. ಆ ಹೊತ್ತಿನಲ್ಲಿ ಆ್ಯಪಿನ ಬಾಡಿಗೆ ಮೂರುಪಟ್ಟು ಆದರೂ ಆಶ್ಚರ್ಯವಿಲ್ಲ. ಹಿಡಿಯಲೇಬೇಕಾದರೆ ಒಂದೆರಡು ಕಿಲೋಮೀಟರು ನಡೆದು, ಮುಚ್ಚಿದ ರಸ್ತೆಗಳಿಂದ ಪೂರ್ತಿ ಹೊರಗೆ ಬಂದ ಮೇಲೆ ಬುಕ್ ಮಾಡಿ.

ನಿಲ್ದಾಣದ ಬಾಗಿಲಲ್ಲಿ ಸಿಬ್ಬಂದಿ ಕೈಯಲ್ಲಿ ಬೆಳಗುವ ಕೋಲು ಹಿಡಿದು ನಿಂತಿರುತ್ತಾರೆ. ಪ್ಲಾಟ್‌ಫಾರ್ಮ್ ತುಂಬಿದಾಗ ಮೇಲಿನವರನ್ನು ತಡೆದು, ಒಂದು ರೈಲು ಹೋದ ಮೇಲೆ ಮತ್ತೊಂದು ಗುಂಪನ್ನು ಬಿಡುತ್ತಾರೆ. ಅವರು ನಿಲ್ಲಿ ಅಂದರೆ ನಿಲ್ಲಬೇಕು, ಸುತ್ತು ಹಾಕಿ ಬನ್ನಿ ಅಂದರೆ ಸುತ್ತು ಹಾಕಬೇಕು. ಮುಂದೆ ಜಾಗ ಇದ್ದಂತೆ ಕಂಡರೂ ನುಗ್ಗಬಾರದು. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಕಾಲ್ತುಳಿತದಲ್ಲಿ ಸತ್ತರು. ಗೆಲುವಿನ ಖುಷಿಯಲ್ಲಿ ಮನೆಯಿಂದ ಹೊರಟಿದ್ದ ಮಕ್ಕಳು ಅವರು. ಅಂದಿನಿಂದ ದೊಡ್ಡ ಗುಂಪಿನಲ್ಲಿ ಯಾರಾದರೂ ತಡೆದು ನಿಲ್ಲಿಸಿದರೆ ನನಗೆ ಸಿಟ್ಟು ಬರುವುದಿಲ್ಲ. ಇಪ್ಪತ್ತು ನಿಮಿಷ ನಿಂತರೆ ನಿಂತೆ.

ನಮ್ಮ ಅಕ್ಕಪಕ್ಕದಲ್ಲೂ

ಈ ಲೆಕ್ಕ ಸಿಂಗಪುರಕ್ಕಷ್ಟೇ ಅಲ್ಲ. 2023ರ ಫೆಬ್ರುವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ಎಲೆಕ್ಟ್ರಿಕ್ ಕಾರುಗಳ ರೇಸು ನಡೆಯಿತು. ಅಲ್ಲಿ ಲಕ್ಡಿಕಾಪುಲ್, ಖೈರತಾಬಾದ್ ಮೆಟ್ರೋ ನಿಲ್ದಾಣಗಳು ಹತ್ತಿರ. 2024ರ ಆಗಸ್ಟ್ ಕೊನೆಗೆ ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತ 3.5 ಕಿಲೋಮೀಟರಿನ ರಸ್ತೆಯಲ್ಲಿ ಫಾರ್ಮುಲಾ 4 ರಾತ್ರಿ ರೇಸು ಆಯಿತು. ಬೆಂಗಳೂರಿನಿಂದ ರೈಲಿನಲ್ಲಿ ಹೋಗಿ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದವರಿಗೆ ಅದು ನಡೆಯುವ ದೂರ, ಮೆಟ್ರೋದಲ್ಲಾದರೆ ಗವರ್ನಮೆಂಟ್ ಎಸ್ಟೇಟ್ ನಿಲ್ದಾಣ. ಇಂಥದ್ದು ಮತ್ತೆ ಎಲ್ಲಿ ನಡೆದರೂ ಮೊದಲು ಮುಚ್ಚುವ ರಸ್ತೆಗಳ ಪಟ್ಟಿ ನೋಡಿ, ಅದರ ಮೇಲೆ ಗೇಟು ಗುರುತಿಸಿ, ಟ್ರ್ಯಾಕ್ ದಾಟದೆ ಆ ಗೇಟಿಗೆ ಮುಟ್ಟುವ ನಿಲ್ದಾಣ ಹುಡುಕಿ.

ಆ ವರ್ಷ ದಾವಣಗೆರೆಯ ಆ ಇಬ್ಬರನ್ನು ನಿಕಲ್ ಹೈವೇ ಕಡೆ ಕಳಿಸಿ ನಾನು ನನ್ನ ಗೇಟಿಗೆ ಬಂದಿದ್ದೆ. ರಾತ್ರಿ ಹನ್ನೊಂದೂಮುಕ್ಕಾಲಿಗೆ ನನ್ನ ಫೋನಿಗೆ ಒಂದು ಫೋಟೊ ಬಂತು. ಟ್ರ್ಯಾಕಿನ ಮೇಲೆ ನಡೆದುಕೊಂಡೇ ಪಡಾಂಗ್ ಕಡೆಗೆ ಬಂದು, ಸೇತುವೆ ದಾಟಿ, ಕ್ಲಾರ್ಕ್ ಕೀಯಲ್ಲಿ ರೈಲು ಹತ್ತಿದ್ದರಂತೆ. ಫೋಟೊದಲ್ಲಿ ಮಾವ ಕಿಟಕಿ ಪಕ್ಕ ಕೂತಿದ್ದರು. ತೊಡೆಯ ಮೇಲೆ ಮಳೆಕೋಟಿನ ಕವರು, ಬಿಚ್ಚಿದ ಅಂಗೈಯಲ್ಲಿ ಹೆಬ್ಬೆರಳಿನ ಗಾತ್ರದ ಕರೀ ರಬ್ಬರಿನ ಚೂರು. ಕೆಳಗೆ ಹುಡುಗ ಬರೆದಿದ್ದ: "ಮಾವಂಗೆ ಸೀಟ್ ಸಿಕ್ತು ಸಾರ್."